ಒಂದನೇ ನಂಬರಿನ ಚೀಟಿ

ವಕೀಲ ನಾಗಚಂದ್ರ ಚರ್ಮದ ಚೀಲದಿಂದ ಒಂದು ರಟ್ಟಿನ ಹಾಳೆ ತೆಗೆದು ಆಟಗಳ ವಿಚಾರಣಾ ಆಯೋಗದ ಮೇಜಿನ ಮೇಲೆ ಹರಡಿದಾಗ ನೀಲಾಂಬಿಕೆಗೆ ಮೊದಲು ನೆನಪಾದದ್ದು ಗೋಂದಿನ ವಾಸನೆ. ಆಮೇಲೆ ಅಪ್ಪನ ಅಂಗಡಿ. ಆಮೇಲೆ, ಅರವತ್ತರ ಹೆಂಗಸು ಸರ್ಕಾರಿ ವಿಚಾರಣೆಯ ನಡುವೆ ಹೀಗೆ ಹಲ್ಲು ಬಿಟ್ಟುಕೊಂಡು ಕೂರಬಾರದು ಎನ್ನುವುದು.

ಹಾಳೆಯ ತುಂಬ ಮಡಿಸಿ ಅಂಟಿಸಿದ ಪುಟ್ಟ ಚೀಟಿಗಳು, ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು. ಒಂದನ್ನು ಕಿತ್ತು ಬಿಡಿಸಿದರೆ ಒಳಗೊಂದು ನಂಬರು. ನಂಬರಿಗೊಂದು ಸಾಮಾನು. ಪೆಪ್ಪರ್‌ಮೆಂಟು, ಬಲೂನು, ಪ್ಲಾಸ್ಟಿಕ್ ಉಂಗುರ, ಬಾಚಣಿಗೆ. ಒಂದನೇ ನಂಬರು ಬಂದವರಿಗೆ ಮೇಲೆ ದಾರ ಕಟ್ಟಿ ತೂಗುಬಿಟ್ಟ ದೊಡ್ಡ ಸಾಮಾನು. ಐವತ್ತು ವರ್ಷದ ಹಿಂದೆ ದಾವಣಗೆರೆಯ ಯಾವ ಗೂಡಂಗಡಿಗೆ ಹೋದರೂ ಇಂಥದೊಂದು ಹಾಳೆ ನೇತಾಡುತ್ತಿತ್ತು.

"ಅಧ್ಯಕ್ಷರೇ, ಇದನ್ನ ಗುರುತಿಸದೇ ಇರೋರು ಈ ಕೋಣೇಲಿ ಯಾರಾದ್ರೂ ಇದ್ದಾರಾ?" ಎಂದು ವಕೀಲ ಕೇಳಿದ. "ನಮ್ಮ ಕಂಪನಿ ಮಾರೋ ಗಂಟು ಅಂದ್ರೂ ಇಷ್ಟೇ. ದುಡ್ಡು ಕೊಡ್ತಾರೆ, ಬಿಚ್ತಾರೆ, ಏನೋ ಒಂದು ಬರುತ್ತೆ. ಬರಿಗೈಯಲ್ಲಿ ಯಾರನ್ನೂ ಕಳಿಸಲ್ಲ. ಇದು ಜೂಜು ಅನ್ನೋದಾದ್ರೆ ನಮ್ಮ ನಿಮ್ಮ ಅಪ್ಪ ಅಜ್ಜಂದಿರ ಕಾಲದ ಚೀಟಿ ಅಂಗಡಿಯೋರನ್ನೆಲ್ಲ ಹುಡುಕಿ ಜೈಲಿಗೆ ಹಾಕ್ಬೇಕಾಗುತ್ತೆ."

ಎಲ್ಲರೂ ನಕ್ಕರು. ನಗುವುದನ್ನೇ ಬಿಟ್ಟಿದ್ದ ಆಯೋಗದ ಅಧ್ಯಕ್ಷೆಯೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀಲಾಂಬಿಕೆ, ತಾನು ಸರ್ಕಾರಿ ಆಟ ಪರೀಕ್ಷಾಲಯದ ಪರವಾಗಿ ಬಂದ ಎದುರು ಪಕ್ಷದವಳು ಎನ್ನುವುದನ್ನು ಮರೆತು.

ಗಂಟು ಎಂದರೆ 'ಮುತ್ತಿನ ಕೋಟೆ' ಎಂಬ ಫೋನಿನ ಆಟದಲ್ಲಿ ಮಾರುವ ಮುಚ್ಚಿದ ಗಂಟು. ಆಡುವವರು ಅದನ್ನು ಕೊಂಡು ಬಿಚ್ಚಿದರೆ ಒಮ್ಮೆ ಕಲ್ಲು ಬರುತ್ತದೆ, ಒಮ್ಮೆ ಬಾಗಿಲು, ಒಮ್ಮೆ ಕಾವಲುಗಾರ. ಸಾವಿರಕ್ಕೊಮ್ಮೆ ಬಿಳಿ ಆನೆ. ಇಂಥ ಗಂಟುಗಳನ್ನು ದುಡ್ಡಿಗೆ ಮಾರುವುದು ವ್ಯಾಪಾರವೋ ಜೂಜೋ ಎಂದು ಜಗತ್ತಿನ ಕೋರ್ಟುಗಳು ಮೂವತ್ತು ವರ್ಷ ಗಾಣದೆತ್ತಿನಂತೆ ಸುತ್ತಿದವು. ಖಾಲಿ ಗಂಟೇ ಇಲ್ಲವಲ್ಲ, ಗೆದ್ದ ಆನೆಯನ್ನು ಮಾರಿ ದುಡ್ಡು ಮಾಡಿಕೊಳ್ಳಲು ಬರುವುದಿಲ್ಲವಲ್ಲ, ಮತ್ತೆ ಜೂಜು ಹೇಗಾದೀತು ಎಂದು ಕಂಪನಿಗಳು ಕೇಳುತ್ತಿದ್ದವು. ಉತ್ತರ ಕೊಡುವುದು ಕಷ್ಟವಾಗಿತ್ತು, ಏಕೆಂದರೆ ಎಲ್ಲರೂ ಗಂಟಿನೊಳಗೆ ಇಣುಕುತ್ತಿದ್ದರು. ಗಂಟು ಬಿಚ್ಚುವವರ ಒಳಗೆ ಇಣುಕುವ ಯಂತ್ರ ಬಂದ ಮೇಲೆ ಮಾತೇ ಬದಲಾಯಿತು.

ಆ ಯಂತ್ರವನ್ನು ಕಟ್ಟಿದವಳು ನೀಲಾಂಬಿಕೆ. ಹೆಸರು ಕಾತರಮಾಪಕ. ಅದು ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಮಕ್ಕಳ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ನೋವಿಗಿಂತ ಚುಚ್ಚುವ ಮೊದಲಿನ ಭಯ ಎಷ್ಟು ದೊಡ್ಡದು ಎಂದು ಅಳೆಯಲು ಅವಳು ಅದನ್ನು ಮಾಡಿದ್ದಳು. ಹಣೆಗೆ ಒಂದು ಪಟ್ಟಿ, ಬೆರಳಿಗೆ ಒಂದು ಉಂಗುರ, ಕಣ್ಣ ಮುಂದೆ ಒಂದು ಪುಟ್ಟ ಕ್ಯಾಮೆರಾ. ಪಟ್ಟಿಯಿಂದ ಹೊರಡುವ ಬೆಳಕು ತಲೆಬುರುಡೆಯನ್ನು ದಾಟಿ ಮಿದುಳಿನ ಯಾವ ಭಾಗಕ್ಕೆ ರಕ್ತ ಏರುತ್ತಿದೆ ಎಂದು ನೋಡುತ್ತದೆ. ಬೆರಳಿನ ಬೆವರೂ ಕಣ್ಣಪಾಪೆಯ ಅಗಲವೂ ಸೇರಿ ಪರದೆಯ ಮೇಲೆ ಒಂದು ಗೆರೆ ಏಳುತ್ತದೆ. ಬಿಚ್ಚುವ ಮೊದಲು ಗೆರೆ ಎಷ್ಟು ಎತ್ತರಕ್ಕೆ ಏರಿತು, ವಸ್ತು ಕೈಸೇರಿದ ಮೇಲೆ ಎಷ್ಟು ಏರಿತು, ಇಷ್ಟೇ ಲೆಕ್ಕ. ಸೀರೆ ಕೊಳ್ಳುವವರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಇಸ್ಪೀಟಿನವರಲ್ಲಿ ಮೊದಲಿನದು ತಾಳೆಮರ, ಎರಡನೆಯದು ಗರಿಕೆ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಅಂಕ ಎರಡರ ಕೆಳಗಿದ್ದರೆ ವ್ಯಾಪಾರ, ಮೂರರ ಮೇಲಿದ್ದರೆ ಜೂಜು ಎಂದು ಕಾನೂನಾಯಿತು. ನಡುವೆ ಬಿದ್ದರೆ, ಜನ ಹಿಂದಿನಿಂದ ಬಲ್ಲ ಯಾವುದಾದರೂ ರೂಢಿಯ ಜೊತೆ ಹೋಲಿಸಿ ತೀರ್ಮಾನಿಸತಕ್ಕದ್ದು.

'ಮುತ್ತಿನ ಕೋಟೆ'ಯವರು ಬುದ್ಧಿವಂತರು. ಬಿಳಿ ಆನೆ ಬಾರದವರಿಗೂ ತುತ್ತೂರಿ ಊದಿಸಿ, ಹೂಮಳೆ ಸುರಿಸಿ ಎರಡನೆಯ ಗೆರೆಯನ್ನು ಮೇಲೆತ್ತಿದ್ದರು. ಅಂಕ ಎರಡು ಪಾಯಿಂಟ್ ಆರಕ್ಕೆ ನಿಂತಿತ್ತು. ಹಾಗಾಗಿ ಹೋಲಿಕೆಗೆ ವಕೀಲ ತಂದದ್ದು ಈ ಚೀಟಿ ಹಾಳೆ.

"ಒಪ್ಪಬಹುದು," ಎಂದರು ಅಧ್ಯಕ್ಷೆ. "ಚೀಟಿ ಹಾಳೆ ಜೂಜಲ್ಲ ಅಂತ ಯಂತ್ರ ಹೇಳಿದ್ರೆ ಗಂಟಿಗೂ ಪರವಾನಗಿ ಸಿಗುತ್ತೆ. ಜೂಜು ಅಂದ್ರೆ ಗಂಟು ನಿಷೇಧ. ಆದರೆ ನೀವು ತಂದಿರೋದು ಹೊಸದಾಗಿ ಅಚ್ಚು ಮಾಡಿಸಿದ್ದು. ಆ ಕಾಲದ ಅಸಲಿ ಹಾಳೆ ಸಿಗುತ್ತಾ?"

"ನನ್ನ ಹತ್ರ ಐತೆ," ಎಂದಳು ನೀಲಾಂಬಿಕೆ. ತಡೆಯುವ ಮೊದಲೇ ಮಾತು ಬಾಯಿಂದ ಹಾರಿಹೋಗಿತ್ತು.

*

ಮನೆಯಲ್ಲಿ ಅವಳ ಗಂಡ ಮುರಿಗೆಪ್ಪ ಅಟ್ಟದ ಮೇಲಿಂದ ತಗಡಿನ ಟ್ರಂಕನ್ನು ಇಳಿಸುತ್ತ, "ಸರ್ಕಾರಿ ಸಾಕ್ಷಿ ನಮ್ಮ ಅಟ್ಟದಾಗ ಮಲಗೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದು ಗೊಣಗಿದ. ಒಳಗೆ ಅಪ್ಪನ ಕನ್ನಡಕ, ತಕ್ಕಡಿಯ ಕಲ್ಲುಗಳು, ಒಂದೂ ಚೀಟಿ ಕೀಳದ ಒಂದು ಹಾಳೆ. ಅದರ ಕೆಳಗೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ, ನೀಲಿ ಫ್ರಾಕಿನ ಬೊಂಬೆ.

ನೀಲಾಂಬಿಕೆ ನೆಲದ ಮೇಲೆ ಕುಕ್ಕರಿಸಿದಳು. ಬೊಂಬೆಯ ಒಂದು ಕಣ್ಣು ಈಗ ಮುಚ್ಚುವುದಿಲ್ಲ. ಅಷ್ಟು ಬಿಟ್ಟರೆ ಹಾಗೇ ಇದೆ.

ಅವಳ ಅಪ್ಪ ಹಾಲಪ್ಪನ ಅಂಗಡಿ ಹತ್ತಿ ಮಿಲ್ಲಿನ ಗೇಟಿನೆದುರು ಇತ್ತು. ಮೂರು ಗಂಟೆಗೆ ಮಿಲ್ಲಿನ ಸೈರನ್ ಕೂಗಿದರೆ ಬೀದಿಯ ತುಂಬ ಸೈಕಲ್ಲುಗಳು, ತಲೆಗೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡು ಬರುವ ಗಂಡಸರು, ಬೀಡಿ, ಎಲೆ, ಚಕ್ಕುಲಿ. ಅವರ ಹಿಂದೆಯೇ ಶಾಲೆ ಬಿಟ್ಟ ಮಕ್ಕಳು. ಹಾಲಪ್ಪ ದಪ್ಪ ಮನುಷ್ಯ, ಕೂತಲ್ಲಿಂದ ಏಳದೆ ಕೋಲಿನಿಂದ ಎಲ್ಲವನ್ನೂ ಇಳಿಸುತ್ತಿದ್ದ. ಅವನ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬದ ಮೇಲೆ ನೀಲಿ, ಅಂದರೆ ನೀಲಾಂಬಿಕೆ, ಮಹಾರಾಣಿಯಂತೆ ಕೂತಿರುತ್ತಿದ್ದಳು. ಮಕ್ಕಳು ನಾಲ್ಕಾಣೆ ಕೊಟ್ಟು, ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಚೀಟಿ ಕೀಳುವಾಗಿನ ಆ ಸದ್ದಿಲ್ಲದ ಒಂದು ಗಳಿಗೆ ಅವಳಿಗೆ ಬಲು ಇಷ್ಟ. ಸಾಮಾನು ತೆಗೆದುಕೊಡುವ ಕೆಲಸ ಅವಳದು. ಪೆಪ್ಪರ್‌ಮೆಂಟು ಬಂದವರಿಗೆ ಕದ್ದು ಎರಡು ಕೊಡುತ್ತಿದ್ದಳು. ಅಪ್ಪ ನೋಡಿಯೂ ನೋಡದಂತೆ ಇರುತ್ತಿದ್ದ.

ಅವಳ ಒಂಬತ್ತನೇ ಹುಟ್ಟುಹಬ್ಬದ ದಿನ ಹಾಳೆಯಲ್ಲಿ ಹತ್ತೋ ಹನ್ನೆರಡೋ ಚೀಟಿ ಉಳಿದಿದ್ದವು. ಬೊಂಬೆ ಇನ್ನೂ ದಾರದಲ್ಲಿ ತೂಗುತ್ತಿತ್ತು. ಅಪ್ಪ, "ಇವತ್ತು ನನ್ನ ಮಗಳು ಒಂದು ಕೀಳ್ಲಿ. ನೀಲಿ, ಆ ಮೂಲೇದು ನಿನ್ನ ದಾರೀನೇ ಕಾಯ್ತೈತೆ ನೋಡು," ಎಂದ. ಅವಳು ಮೂಲೆಯದನ್ನು ಕಿತ್ತಳು. ಒಂದನೇ ನಂಬರು! ಕೇರಿಯ ಮಕ್ಕಳೆಲ್ಲ ಹೋ ಎಂದರು. ಎಲ್ಲರಿಗಿಂತ ಹೆಚ್ಚು ಕುಣಿದವಳು ಅವಳ ಜೀವದ ಗೆಳತಿ ಕೊಟ್ರಮ್ಮ. ಸಂಜೆಯವರೆಗೆ ಇಬ್ಬರೂ ಬೊಂಬೆಗೆ ಜಡೆ ಹಾಕಿ ಬಿಚ್ಚಿ ಹಾಕಿದರು.

ಬದುಕಿನಲ್ಲಿ ಆಮೇಲೆ ದೊಡ್ಡ ಸಂತೋಷಗಳು ಬಂದವು ನಿಜ, ಆದರೆ ಅಷ್ಟು ಕಲಬೆರಕೆಯಿಲ್ಲದ್ದು ಇನ್ನೊಂದು ಬರಲಿಲ್ಲ ಎಂದು ನೀಲಾಂಬಿಕೆಗೆ ಅನ್ನಿಸಿತು. ಅಪ್ಪನ ಕನ್ನಡಕವನ್ನು ಒರೆಸಿ ಮತ್ತೆ ಟ್ರಂಕಿನಲ್ಲಿಟ್ಟಳು.

"ಅಲ್ಲಾ, ಹಾಳೆ ಜೂಜಲ್ಲ ಅಂತ ಬಂದ್ರೆ ಆ ಗಂಟಿನೋರು ಗೆದ್ದಂಗೆ. ಜೂಜು ಅಂತ ಬಂದ್ರೆ ನಮ್ಮ ಮಾವ ಜೂಜುಕೋರ ಆದಂಗೆ," ಎಂದ ಮುರಿಗೆಪ್ಪ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕಂಡ್ಯಲ್ಲೆ."

"ಮುಚ್ಕಂಡು ಟ್ರಂಕು ಮೇಲಿಡ್ರಿ," ಎಂದಳು ಅವಳು. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಗಂಟಿನಿಂದ ಹಾಳಾದ ಮನೆಗಳವರು ಬರೆದ ಕಾಗದಗಳು ಪರೀಕ್ಷಾಲಯದ ಒಂದು ಬೀರುವನ್ನೇ ತುಂಬಿದ್ದವು. ಅವನ್ನೆಲ್ಲ ಓದಿದವಳು ಅವಳೇ.

*

ಆಟ ಪರೀಕ್ಷಾಲಯ ಇದ್ದದ್ದು ಮುಚ್ಚಿಹೋದ ಅದೇ ಹತ್ತಿ ಮಿಲ್ಲಿನ ಗೋದಾಮಿನಲ್ಲಿ. ಕಿಟಕಿಯಿಂದ ನೋಡಿದರೆ ಅಪ್ಪನ ಅಂಗಡಿ ಇದ್ದ ಜಾಗದಲ್ಲಿ ಈಗ ಬ್ಯಾಟರಿ ತುಂಬಿಸುವ ಗಾಡಿ ನಿಲ್ದಾಣ. ಮರುದಿನ ಬೆಳಿಗ್ಗೆ ನೀಲಾಂಬಿಕೆ ಹಣೆಗೆ ತಾನೇ ಪಟ್ಟಿ ಕಟ್ಟಿಕೊಂಡು, ಹೊಸ ಅಚ್ಚಿನ ಹಾಳೆಯಿಂದ ಹನ್ನೆರಡು ಚೀಟಿ ಕಿತ್ತಳು. ಪ್ರತಿ ಬಾರಿಯೂ ಗೆರೆ ಮೆಲ್ಲಗೆ ಏರಿ ಹಾಗೇ ಮೆಲ್ಲಗೆ ಹರಡಿಕೊಂಡಿತು. ಅಂಕ ಒಂದು ಪಾಯಿಂಟ್ ಎರಡು. ಇಷ್ಟು ಸೌಮ್ಯವಾದ ಅಂಕ ಸೀರೆ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

"ನೋಡಿದ್ಯಾ?" ಎಂದಳು ಹೆಮ್ಮೆಯಿಂದ. "ನಮ್ಮ ಕಾಲದ್ದು ಅಂದ್ರೆ ಹಿಂಗೆ. ಬರೀ ಖುಷಿ."

ಯಂತ್ರ ನಡೆಸುತ್ತಿದ್ದ ಎಂಜಿನಿಯರ್ ತಸ್ಲೀಮಾ ಪರದೆಯಿಂದ ತಲೆಯೆತ್ತಲಿಲ್ಲ. ಆರು ವರ್ಷದಿಂದ ಜೊತೆಗೆ ಕೆಲಸ ಮಾಡಿದವಳು. ಹೇಳಬೇಕಾದ್ದನ್ನು ನುಂಗುವ ಹೆಣ್ಣಲ್ಲ.

"ಮೇಡಂ, ಒಂದು ಕೇಳ್ಲಾ? ನೀವು ಸಣ್ಣೋರಿದ್ದಾಗ ಎಷ್ಟು ಚೀಟಿ ಕಿತ್ತಿರಬಹುದು?"

"ಲೆಕ್ಕ ಇಟ್ಟೋರು ಯಾರು? ನಮ್ದೇ ಅಂಗಡಿ."

"ನಾಲ್ಕಾಣೆ ಕೊಟ್ಟು ಕಿತ್ತಿದ್ದು?"

"ನಮ್ಮ ಅಂಗಡೀಲಿ ನಾನ್ಯಾಕೆ ದುಡ್ಡು..."

ಮಾತು ಅಲ್ಲೇ ನಿಂತಿತು. ಪರೀಕ್ಷೆಗೆ ಬರುವವರು ಸ್ವಂತ ದುಡ್ಡನ್ನೇ ಕೊಡಬೇಕು, ಕೈಬಿಡುವಾಗಿನ ಚುರುಕು ಇಲ್ಲದಿದ್ದರೆ ಗೆರೆ ಸುಳ್ಳು ಹೇಳುತ್ತದೆ ಎಂದು ಹದಿನೈದು ವರ್ಷದ ಹಿಂದೆ ನಿಯಮ ಬರೆದವಳು ಅವಳೇ. ಚೀಟಿಗೆ ಒಮ್ಮೆಯೂ ಕಾಸು ಕೊಡದ ಮನುಷ್ಯ ಇಡೀ ಕೇರಿಯಲ್ಲಿ ಒಬ್ಬಳೇ ಇದ್ದಳು. ಚೀಟಿಯನ್ನು ಅಳೆಯಲು ಅವಳು ಆರಿಸಿಕೊಂಡದ್ದು ಅವಳನ್ನೇ. ಅದು ಇಷ್ಟು ದಿನ ಹೊಳೆದಿರಲಿಲ್ಲ ಎನ್ನುವುದಕ್ಕೇ ಅವಳಿಗೆ ನಾಚಿಕೆಯಾಯಿತು.

"ಇನ್ನೊಂದೈತೆ," ಎಂದಳು ತಸ್ಲೀಮಾ, ದನಿ ತಗ್ಗಿಸಿ. "ನಿಮ್ಮ ಅಸಲಿ ಹಾಳೇನ ಕೀಳದೇನೇ ಎಕ್ಸ್‌ರೇ ಮಾಡಿ ಒಳಗಿನ ನಂಬರು ಓದಿಸ್ದೆ. ಎರಡರಿಂದ ನೂರರ ತನಕ ಎಲ್ಲಾ ಇದಾವೆ. ಒಂದನೇ ನಂಬರು ಇಲ್ಲ."

"ಇಲ್ದೇ ಏನು? ಸರಿ ನೋಡು."

"ನೋಡ್ದೆ. ತೊಂಬತ್ತೊಂಬತ್ತೇ ಚೀಟಿ. ಬಲಗಡೆ ಕೆಳಗಿನ ಮೂಲೆ ಖಾಲಿ ಇದೆ."

ನೀಲಾಂಬಿಕೆ ಹಾಳೆಯನ್ನು ಕೈಗೆತ್ತಿಕೊಂಡಳು. ಹೌದು, ಮೂಲೆ ಬೋಳಾಗಿತ್ತು. ಹಾಳೆಯನ್ನು ತಿರುಗಿಸಿದಾಗ ಹಿಂದೆ ಒಂದು ಬೆರಳಗಲದ ಲಕೋಟೆ ಅಂಟಿಸಿದ್ದು ಕಂಡಿತು. ಒಳಗೊಂದು ಮಡಿಸಿದ ಚೀಟಿ. ಲಕೋಟೆಯ ಮೇಲೆ ಮಾಸಿದ ಕೆಂಪು ಅಕ್ಷರ. "ಅಂಗಡಿಯವರಿಗೆ ಮಾತ್ರ. ಹಾಳೆ ಮುಗಿಯುತ್ತ ಬಂದಾಗ ಅಂಟಿಸಿಕೊಳ್ಳುವುದು."

ಬಲಗಡೆ ಕೆಳಗಿನ ಮೂಲೆ. ಆ ಮೂಲೇದು ನಿನ್ನ ದಾರೀನೇ ಕಾಯ್ತೈತೆ ನೋಡು. ಐವತ್ತೊಂದು ವರ್ಷ ಜೋಪಾನ ಮಾಡಿದ ಒಂದು ಅದೃಷ್ಟ ಅವಳ ಕೈಯಲ್ಲೇ ಬಿಡಿಸಿಕೊಂಡಿತು. ಹುಟ್ಟುಹಬ್ಬದ ದಿನ ಮುಂಜಾನೆ ಅಪ್ಪ ದಪ್ಪ ಬೆರಳಿಗೆ ಗೋಂದು ಹಚ್ಚಿಕೊಂಡು ಮಗಳಿಗಾಗಿ ಚೀಟಿ ಅಂಟಿಸುವ ಚಿತ್ರ ಕಣ್ಣಿಗೆ ಕಟ್ಟಿತು. ಅಳು ಬಂತು. ಪ್ರೀತಿಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ. ಅದಕ್ಕೂ ಮುಂಚೆ ಕಿತ್ತ ಎಂಬತ್ತೆಂಟು ಚೀಟಿಗಳ ಮಕ್ಕಳು ಯಾರು ಯಾರು ಎಂದು ಆಗ ಯೋಚನೆ ಬಂತು. ಅವರಲ್ಲಿ ಒಬ್ಬಳ ಹೆಸರು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಕೊಟ್ರಮ್ಮ ಪರೀಕ್ಷಾಲಯದ ಹಿಂದಿನ ಬೀದಿಯಲ್ಲಿ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿದ್ದಳು. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಉರಿ ಮುಂದೆ ನಿಂತು ಜೀವ ಸವೆಸಿದ್ದಳು. ಮಗಳು ಮಂಡಕ್ಕಿಯನ್ನು ಮಾರಿ ಜೀವ ಬೆಳೆಸಿಕೊಂಡಿದ್ದಳು. ವಾರಕ್ಕೆರಡು ಸಲ ನೀಲಾಂಬಿಕೆ ಅಲ್ಲಿ ಕೂತು ಮಿರ್ಚಿ ತಿನ್ನುವುದು, ವೈದ್ಯರು ಬೇಡವೆಂದಿದ್ದಾರೆ ಎಂದು ಕೊಟ್ರಮ್ಮ ಬೈಯುತ್ತಲೇ ಇನ್ನೊಂದು ಹಾಕುವುದು ವಾಡಿಕೆ.

ಅವತ್ತು ಕೊಟ್ರಮ್ಮ ಫೋನಿನೊಳಗೆ ಮುಳುಗಿದ್ದಳು. 'ಮುತ್ತಿನ ಕೋಟೆ'. ಮೂರು ವರ್ಷದಿಂದ ಕಟ್ಟಿದ ಕೋಟೆಗೆ ಏಳು ಬುರುಜು, ಒಂದು ಕೆರೆ, ಕೆರೆಯಲ್ಲಿ ಬಾತುಕೋಳಿ. ಆನೆಲಾಯ ಮಾತ್ರ ಖಾಲಿ.

"ಎಷ್ಟು ಗಂಟು ಬಿಚ್ಚಿದ್ಯೆ ಈ ತಿಂಗಳು?"

"ನಿಮ್ಮ ಸರ್ಕಾರ ಕೇಳಾಕತ್ತೈತೋ ನೀನು ಕೇಳಾಕತ್ತೀಯೋ?"

"ನಾನು."

"ಹಂಗಾರೆ ಹೇಳಲ್ಲ. ತಿನ್ನು." ಕೊಟ್ರಮ್ಮ ಮಂಡಕ್ಕಿಯ ತಟ್ಟೆ ಮುಂದೆ ತಳ್ಳಿದಳು.

ನೀಲಾಂಬಿಕೆ ತಿನ್ನಲಿಲ್ಲ. ಹಾಳೆಯ ಸಂಗತಿ, ವಕೀಲನ ಮಾತು, ಎಲ್ಲ ಹೇಳಿದಳು. ಲಕೋಟೆಯ ವಿಷಯಕ್ಕೆ ಬಂದಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಂಗೆ ಗೊತ್ತಿರ್ಲಿಲ್ಲ ಕೊಟ್ರಿ. ದೇವರಾಣೆ. ಆ ಬೊಂಬೆ ನನ್ನ ಅದೃಷ್ಟಕ್ಕೆ ಬಂತು ಅಂತ್ಲೇ ಇಷ್ಟು ವರ್ಷ..."

"ನಂಗೆ ಗೊತ್ತಿತ್ತು," ಎಂದಳು ಕೊಟ್ರಮ್ಮ, ಎಣ್ಣೆಯಲ್ಲಿ ಮಿರ್ಚಿ ತಿರುವಿ ಹಾಕುತ್ತ.

"ಏನು?"

"ಅವತ್ತು ಬೆಳಿಗ್ಗೆ ಹಾಲು ತರಾಕೆ ಬಂದಿದ್ದೆ. ಹಾಲಪ್ಪ ಮಾಮ ನಾಲಿಗೆ ಹೊರಗೆ ಹಾಕ್ಕಂಡು, ಸಣ್ಣ ಹುಡುಗನ ಹಂಗೆ ಮೂಲೇಲಿ ಚೀಟಿ ಅಂಟಿಸಾಕತ್ತಿದ್ದ. ನನ್ನ ನೋಡಿ ಬೆಚ್ಚಿ ಬಿದ್ದ. 'ನೀಲಿಗೆ ಹೇಳಬ್ಯಾಡವ್ವ' ಅಂದು ಎರಡು ಪೆಪ್ಪರ್‌ಮೆಂಟು ಕೊಟ್ಟ. ನಾನು ಹೇಳ್ಲಿಲ್ಲ."

"ಐವತ್ತು ವರ್ಷ ಹೇಳ್ಲಿಲ್ಲ!"

"ಪೆಪ್ಪರ್‌ಮೆಂಟು ತಗಂಡಿದ್ನಲ್ಲ." ಕೊಟ್ರಮ್ಮ ನಕ್ಕಳು. ಆಮೇಲೆ ನಗು ತಾನಾಗಿ ಇಳಿಯಿತು. "ಆ ಹಾಳೇಲಿ ಮೂವತ್ತೊಂದು ಚೀಟಿ ನಂದೇ. ಅವ್ವ ಭಟ್ಟಿಯಿಂದ ಬರುವಾಗ ದಿನಾ ನಾಲ್ಕಾಣೆ ಕೊಡೋಳು, ಬನ್ನು ತಿನ್ನು ಅಂತ. ಬನ್ನು ತಿಂದೆ ಅಂತ ಸುಳ್ಳು ಹೇಳಿ ಮಲಗ್ತಿದ್ದೆ."

ನೀಲಾಂಬಿಕೆಗೆ ಆ ದಿನಗಳ ಕೊಟ್ರಿ ನೆನಪಾದಳು. ಚೀಟಿ ಬಿಡಿಸುವ ಮೊದಲು ಅದನ್ನು ಮುಚ್ಚಿದ ಮುಷ್ಟಿಯಲ್ಲಿ ಎದೆಗೊತ್ತಿಕೊಂಡು ನಿಲ್ಲುತ್ತಿದ್ದ ಹುಡುಗಿ. ತಾನು ಡಬ್ಬದ ಮೇಲೆ ಕೂತು ಅದನ್ನು ನೋಡಿ ಖುಷಿಪಡುತ್ತಿದ್ದಳು. ಅದು ಹಸಿದ ಹೊಟ್ಟೆ ಎಂದು ತಿಳಿದಿರಲಿಲ್ಲ.

"ಆಮೇಲಾದ್ರೂ ಬಿಟ್ಯಾ? ಒಂದನೇ ನಂಬರು ಹಾಳೇಲಿ ಇರಲ್ಲ, ಅಪ್ಪನ ಹತ್ರ ಇರುತ್ತೆ ಅಂತ ಗೊತ್ತಾದ ಮೇಲೆ?"

ಕೊಟ್ರಮ್ಮ ಜಾಲರಿ ಸೌಟಿನಿಂದ ಮಿರ್ಚಿಗಳನ್ನು ಎತ್ತಿ ಎಣ್ಣೆ ಸೋರಲು ಬಿಟ್ಟಳು. "ಮುಂದಿನ ಹಾಳೇಲೂ ಕಿತ್ತೆ," ಎಂದಳು ಕೊನೆಗೆ. "ಅದರ ಮುಂದಿನದ್ರಲ್ಲೂ. ಇಲ್ಲ ಅಂತ ತಲೆಗೆ ಗೊತ್ತಿರೋದು ಕಣೆ. ಕೈಗೆ ಗೊತ್ತಿರ್ಲಿಲ್ಲ."

ಬೀದಿಯಲ್ಲಿ ಗಾಡಿಯೊಂದು ಸದ್ದಿಲ್ಲದೆ ಹಾದುಹೋಯಿತು.

"ನನ್ನ ಯಂತ್ರಕ್ಕೆ ಕೂರ್ತೀಯಾ?" ಎಂದು ಕೇಳಿದಳು ನೀಲಾಂಬಿಕೆ. "ಒಂದು ಮಾತು, ಮೊದ್ಲೇ ಹೇಳಿರ್ತೀನಿ. ನಿನ್ನ ಗೆರೆ ಮೇಲೆ ಹೋದ್ರೆ ಗಂಟು ನಿಂತುಹೋಗುತ್ತೆ. ನಿನ್ನ ಕೋಟೇನೂ ಹೋಗುತ್ತೆ."

"ಬಾತುಕೋಳೀನೂ?"

"ಎಲ್ಲಾನೂ."

ಕೊಟ್ರಮ್ಮ ಫೋನನ್ನು ಸೆರಗಿನಿಂದ ಒರೆಸಿ ಕಪಾಟಿನಲ್ಲಿಟ್ಟಳು. "ಒಲೆ ಆರಿಸ್ತೀನಿ, ತಾಳು," ಎಂದಳು.

*

ಪರೀಕ್ಷೆಗೆ ಅಸಲಿ ಹಾಳೆಯನ್ನೇ ತೂಗುಹಾಕಿದರು. ಚೀಟಿಗೆ ಹತ್ತು ರೂಪಾಯಿ, ಕೊಟ್ರಮ್ಮನದೇ ದುಡ್ಡು. ತಸ್ಲೀಮಾ ಪೆಪ್ಪರ್‌ಮೆಂಟು, ಬಲೂನು, ಬಾಚಣಿಗೆಗಳನ್ನು ಜೋಡಿಸಿದ್ದಳು. ಮೇಲೆ ದಾರದಲ್ಲಿ ಒಕ್ಕಣ್ಣಿನ ಬೊಂಬೆ. ನೀಲಾಂಬಿಕೆ ಲಕೋಟೆಯಿಂದ ಚೀಟಿ ತೆಗೆದು, ಬಿಡಿಸಿ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಕಂಪನಿಯ ಪರವಾಗಿ ನೋಡಲು ಬಂದಿದ್ದ ವಕೀಲ ನಾಗಚಂದ್ರ ಕತ್ತು ಚಾಚಿದ.

"ಕೊಟ್ರಮ್ಮ, ಒಂದನೇ ನಂಬರು ಇಲ್ಲೈತೆ. ಹಾಳೇಲಿ ಇಲ್ಲ. ಬೊಂಬೆ ಬರಾಕೆ ಸಾಧ್ಯನೇ ಇಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತವ್ವ. ನಂಗೇನು ಕಣ್ಣು ಕಾಣಲ್ವಾ?"

ಅವಳು ಹತ್ತು ರೂಪಾಯಿಯ ನಾಣ್ಯ ಇಟ್ಟಳು. ಕೈ ಹಾಳೆಯ ಮೇಲೆ ಒಂದು ಸುತ್ತು ಆಡಿ, ನಡುವಿನ ಸಾಲಿನ ಒಂದು ಚೀಟಿ ಕಿತ್ತಿತು. ಅದನ್ನು ಬಿಡಿಸಲಿಲ್ಲ. ಮುಷ್ಟಿ ಕಟ್ಟಿ ಎದೆಗೊತ್ತಿಕೊಂಡಳು, ಐವತ್ತು ವರ್ಷದ ಹಿಂದಿನಂತೆಯೇ. ಪರದೆಯ ಮೇಲೆ ಗೆರೆ ಏರಿತು. ಏರುತ್ತಲೇ ಹೋಯಿತು. ಚೀಟಿ ಬಿಡಿಸಿದಾಗ ಅರವತ್ತೆರಡು, ಪೆಪ್ಪರ್‌ಮೆಂಟು. ಗೆರೆ ಧೊಪ್ಪನೆ ಬಿತ್ತು. ಬಿದ್ದಲ್ಲೇ ಉಳಿಯಲಿಲ್ಲ. ಅವಳು ಎರಡನೆಯ ನಾಣ್ಯಕ್ಕೆ ಸೊಂಟದ ಚೀಲ ತಡಕುವ ಮೊದಲೇ ಮತ್ತೆ ಮೇಲಕ್ಕೆ ಹೊರಟಿತು.

ಹನ್ನೆರಡು ಚೀಟಿಗಳು ಮುಗಿದಾಗ ಅಂಕ ನಾಲ್ಕು ಪಾಯಿಂಟ್ ಎಂಟು. ಪರೀಕ್ಷಾಲಯ ಇಸ್ಪೀಟಿನವರಲ್ಲಿ ಕಂಡ ಅಂಕಕ್ಕಿಂತಲೂ ಹೆಚ್ಚು.

"ಇದು ಒಬ್ಬರದ್ದು ಮಾತ್ರ," ಎಂದ ನಾಗಚಂದ್ರ. ಆದರೆ ಮೊದಲಿನ ಗತ್ತು ಮಾತಿನಲ್ಲಿರಲಿಲ್ಲ. ಮೇಜಿನ ಮೇಲೆ ಮಲಗಿದ್ದ ಒಂದನೇ ನಂಬರನ್ನೇ ಅವನು ನೋಡುತ್ತಿದ್ದ.

"ಹಳೇ ಕೇರಿಯೋರು ಇನ್ನೂ ನಲವತ್ತು ಜನ ಬದುಕಿದ್ದಾರೆ. ಎಲ್ಲರನ್ನೂ ಕರೀತೀನಿ. ಎಲ್ಲರ ಮುಂದೂ ಆ ಚೀಟಿ ಬಿಡಿಸಿಟ್ಟೇ ಕೇಳ್ತೀನಿ," ಎಂದಳು ನೀಲಾಂಬಿಕೆ.

ಕರೆದಳು. ಎರಡು ವಾರ ಮಿಲ್ಲಿನ ಗೋದಾಮು ಮದುವೆ ಮನೆಯಾಯಿತು. ಅಸಲಿ ಹಾಳೆ ಅಷ್ಟು ಜನಕ್ಕೆ ಸಾಲದೆಂದು ಅದರದೇ ಪಡಿಯಚ್ಚು ಹಾಳೆಗಳನ್ನು, ಒಂದನೇ ನಂಬರಿಲ್ಲದೆ, ತೂಗುಹಾಕಿದ್ದರು. ಕೋಲು ಹಿಡಿದವರು, ಹಲ್ಲಿಲ್ಲದವರು, ಬೊಂಬೆಯನ್ನು ನೋಡಿ ಗುರುತು ಹಿಡಿದು ತಮಾಷೆಗೆ ಬೈದವರು. "ಹಾಲಪ್ಪ ಮಾಮ ನಮ್ಮನ್ನ ಹೆಂಗೆ ಆಡಿಸ್ದ ನೋಡ್ರಲೇ," ಎಂದು ನಗುತ್ತಲೇ ಹಣೆಪಟ್ಟಿ ಕಟ್ಟಿಸಿಕೊಂಡರು. ಹೀಗೆ ಒಬ್ಬರೂ ಸಿಟ್ಟಾಗದಿರುವುದು ನೀಲಾಂಬಿಕೆಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಚುಚ್ಚು. ಅವರ ನೆನಪಿನಲ್ಲೂ ಅಂಗಡಿ ಬೆಳ್ಳಗೆ ಹೊಳೆಯುತ್ತಿತ್ತು. ಗೆರೆಗಳು ಮಾತ್ರ ಬೇರೆ ಮಾತು ಹೇಳುತ್ತಿದ್ದವು. ಎಲ್ಲರ ಸರಾಸರಿ ನಾಲ್ಕು ಪಾಯಿಂಟ್ ಒಂದು.

*

ಕೊನೆಯ ವಿಚಾರಣೆಯ ದಿನ ನೀಲಾಂಬಿಕೆ ವರದಿ ಓದಲು ಎದ್ದಾಗ ಅಂಕಿಗಳೆಲ್ಲ ಎಲ್ಲರ ಕೈಯಲ್ಲೂ ಇದ್ದವು. ಆದರೂ ಅಧ್ಯಕ್ಷೆ, "ನಿಮ್ಮ ಮಾತಲ್ಲಿ ಹೇಳಿ," ಎಂದರು.

"ಈ ಹಾಳೆ ನಮ್ಮಪ್ಪನದು," ಎಂದಳು ಅವಳು. "ಅವನು ಕೆಟ್ಟವನಾಗಿರ್ಲಿಲ್ಲ. ಜ್ವರ ಬಂದ ಮಕ್ಕಳಿಗೆ ಬ್ರೆಡ್ಡು ಸುಮ್ನೆ ಕೊಡೋನು. ಹಾಳೇನ ಅವನು ಕಂಡುಹಿಡೀಲಿಲ್ಲ, ಪೇಟೇಲಿ ಮಾರ್ತಿದ್ರು, ತಂದು ತೂಗುಹಾಕ್ದ. ನಾನು ಅವನ ಪಕ್ಕ ಡಬ್ಬದ ಮೇಲೆ ಕೂತು ನೋಡ್ದೆ. ಅಲ್ಲಿಂದ ನೋಡಿದ್ರೆ ಅದು ಬರೀ ಆಟಾನೇ. ವಕೀಲರಿಗೂ, ನನಗೂ, ಈ ಕೋಣೇಲಿ ನಕ್ಕ ನಮಗೆಲ್ಲ ನೆನಪಿರೋದು ಆ ಡಬ್ಬದ ಮೇಲಿನ ನೋಟ. ನಾಲ್ಕಾಣೆ ಕೊಟ್ಟ ಕಡೆಯಿಂದ ಅಳೆದ್ರೆ ಅದು ಜೂಜು. ಅಂಗಡಿ ಹಾಲಪ್ಪನದು ಅಂತಾನೇ ಬರ್ಕಳಿ. ಗಂಟೂ ಜೂಜು."

ಅವಳು ಕೂತಳು. ಅಪ್ಪನ ಹೆಸರನ್ನು ಬರೆದುಕೊಳ್ಳುವ ಗುಮಾಸ್ತೆಯ ಬೆರಳುಗಳನ್ನೇ ನೋಡಿದಳು. ಒಂದು ಗಂಟೆಯ ನಂತರ ತೀರ್ಪು ಬಂತು. ಮಾಸಾಂತ್ಯದಿಂದ 'ಮುತ್ತಿನ ಕೋಟೆ'ಯ ಗಂಟುಗಳ ಮಾರಾಟ ನಿಷೇಧ. ಗಂಟಿಲ್ಲದ ಆಟವನ್ನು ನಡೆಸುವುದಿಲ್ಲವೆಂದು ಕಂಪನಿ ಅಂದೇ ಸಾರಿತು.

*

ಕೋಟೆ ಅಳಿದ ದಿನ ಮಧ್ಯಾಹ್ನ ಕೊಟ್ರಮ್ಮ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಪಕ್ಕದಲ್ಲಿ ಬಂದು ಕೂತ ನೀಲಾಂಬಿಕೆ ಚೀಲದಿಂದ ಆಯೋಗ ಹಿಂತಿರುಗಿಸಿದ ಹಾಳೆಯನ್ನೂ ಬೊಂಬೆಯನ್ನೂ ತೆಗೆದಳು. ಬೊಂಬೆಯನ್ನು ಗೆಳತಿಯ ಮಡಿಲಿಗಿಟ್ಟಳು.

"ಇದನ್ನ ಇಟ್ಕಂಡು ನಾನೇನು ಮಾಡ್ಲೆ?" ಎಂದಳು ಕೊಟ್ರಮ್ಮ. "ಸುಮ್ನೆ ಕೊಟ್ರೆ ಒಕ್ಕಣ್ಣಿನ ಬೊಂಬೆ ಅಷ್ಟೇ."

ನೀಲಾಂಬಿಕೆ ಅದನ್ನೂ ಯೋಚಿಸಿಕೊಂಡೇ ಬಂದಿದ್ದಳು. ಒಂದನೇ ನಂಬರಿನ ಚೀಟಿಯನ್ನು ಮಡಿಸಿ, ಬೆರಳಿಗೆ ಗೋಂದು ಹಚ್ಚಿ, ಹಾಳೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಒತ್ತಿ ಅಂಟಿಸಿದಳು. ತನ್ನ ನಾಲಿಗೆ ಹೊರಗೆ ಬಂದಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಕೊಟ್ರಮ್ಮ ನೋಡಿದಳು, ಏನೂ ಹೇಳಲಿಲ್ಲ.

"ಆ ಮೂಲೇದು ನಿನ್ನ ದಾರೀನೇ ಕಾಯ್ತೈತೆ ನೋಡು, ಕೊಟ್ರಿ."

ಕೊಟ್ರಮ್ಮ ಸೊಂಟದ ಚೀಲದಿಂದ ಹತ್ತು ರೂಪಾಯಿ ತೆಗೆದು ಬೆಂಚಿನ ಮೇಲಿಟ್ಟಳು. ಮೂಲೆಯ ಚೀಟಿಯನ್ನು ಒಮ್ಮೆ ಬೆರಳಿಂದ ಸವರಿದಳು. ಆಮೇಲೆ ಮೇಲಿನ ಸಾಲಿಗೆ ಹೋಗಿ ಒಂದನ್ನು ಕಿತ್ತು ಮುಷ್ಟಿ ಕಟ್ಟಿ, ಎದೆಗೊತ್ತಿ, ಬಿಡಿಸಿದಳು. ಹದ್ನೇಳು. ಬಲೂನು.

"ಅಯ್ಯೋ ನಿನ್ನ! ಎಲ್ಲೈತೆ ಅಂತ ಹೇಳ್ಕೊಟ್ನಲ್ಲೆ!"

"ಹೇಳ್ಕೊಟ್ಟಿದ್ದನ್ನ ಕಿತ್ರೆ ಅದೇನೆ ಚೀಟಿ?" ಎಂದಳು ಕೊಟ್ರಮ್ಮ. ಅವಳ ಕಣ್ಣುಗಳು ಒದ್ದೆಯಾಗಿದ್ದವು, ಆದರೂ ನಗುತ್ತಿದ್ದಳು. "ಈಗ ನೀನು ಕೀಳು. ಬಿಟ್ಟಿ ಅಲ್ಲ. ದುಡ್ಡು ಇಡು."

ನೀಲಾಂಬಿಕೆ ಪರ್ಸಿನಿಂದ ಹತ್ತು ರೂಪಾಯಿ ತೆಗೆದು ಗೆಳತಿಯ ಅಂಗೈಗೆ ಇಟ್ಟಳು. ಚಿಲ್ಲರೆ ದುಡ್ಡು, ಆದರೂ ಬಿಡುವಾಗ ಬೆರಳು ಒಂದಿಷ್ಟು ತಡೆಯಿತು. ಒಂದನೇ ನಂಬರು ಎಲ್ಲಿದೆ ಎಂದು ಈ ಜಗತ್ತಿನಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಅದರ ಗೋಂದು ಇನ್ನೂ ಅವಳ ಬೆರಳಲ್ಲಿತ್ತು. ಆದರೂ ಕೈ ಮೂಲೆಯನ್ನು ಬಿಟ್ಟು, ಒಳಗಿನದು ಕಾಣದ ಚೀಟಿಗಳ ಮೇಲೆ ಆಡತೊಡಗಿತು. ಎದೆ ಡವಡವ ಹೊಡೆದುಕೊಂಡಿತು. ಚೀಟಿಯೊಂದಕ್ಕೆ, ಅರವತ್ತು ವರ್ಷದಲ್ಲಿ ಮೊದಲ ಸಲ.

"ಯಾವುದು ಕೀಳ್ಲೆ?" ಎಂದು ಕೇಳಿದಳು.

"ನಾನೇನು ನಿಮ್ಮಪ್ಪನಾ?" ಎಂದಳು ಕೊಟ್ರಮ್ಮ. "ನೀನೇ ನೋಡ್ಕಂಡು ಕೀಳು."